ಬಾದಾಮಿ ಹತ್ರ 18 ರೂಮಿನ ಹೋಟೆಲ್: ಖಣ, ಕಾವಿ ನೆಲ, ಜಮಖಾನ, ಬಿದ್ರಿ... ಯಾವ್ದು ಎಲ್ಲಿ ಹಾಕ್ಬೇಕು, ಅನುಭವ ಇದ್ದೋರು ಹೇಳಿ

ಗೋಡೆಗುಬ್ಬಿ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಾನು ಇಂಟೀರಿಯರ್ ಡಿಸೈನರ್, 11 ವರ್ಷದಿಂದ ಇದೇ ಕೆಲಸ, ಬಹುಪಾಲು ಬೆಂಗಳೂರಲ್ಲಿ ಆಫೀಸು, ಫ್ಲ್ಯಾಟು ಅಂತಾನೇ ಕಳೀತು. ಈಗ ಬಾದಾಮಿ ಹತ್ರ 18 ರೂಮಿನ ಒಂದು ಹೋಟೆಲ್ ಕೈಗೆ ಬಂದಿದೆ. ಕಟ್ಟಡ ಆಗ್ಲೇ ಎದ್ದಿದೆ, ಗೋಡೆ ಅಲ್ಲಿಯ ಕೆಂಪು ಮರಳುಕಲ್ಲಿಂದು, ನೆಲ ಇನ್ನೂ ಹಾಕಿಲ್ಲ. ಮಾಲೀಕರು ಅದೇ ಕಡೆಯವ್ರು. ಅವರು ಕೇಳಿದ್ದು ಇಷ್ಟೇ, ಬಂದೋರು ಬೆಳಿಗ್ಗೆ ಎದ್ದು ಕಣ್ಣು ಬಿಟ್ರೆ ಯಾವ ಸೀಮೆಲಿದೀವಿ ಅಂತ ಗೊತ್ತಾಗ್ಬೇಕು, ಹಾಗಂತ ಮ್ಯೂಸಿಯಮ್ಮಲ್ಲಿ ಮಲಗಿದ ಹಾಗೂ ಆಗ್ಬಾರ್ದು.

ಮೊದಲ್ನೇ ಪ್ರೆಸೆಂಟೇಶನ್‌ಗೆ ನಾನು ಕರ್ನಾಟಕದ್ದೆಲ್ಲಾ ತಂದು ಒಂದೇ ಕಡೆ ಸುರಿದಿದ್ದೆ. ರಿಸೆಪ್ಶನ್‌ನಲ್ಲಿ ಬಿದ್ರಿ ಹೂಜಿ, ಕಾರಿಡಾರಲ್ಲಿ ಕಿನ್ನಾಳದ ಗೊಂಬೆ, ರೂಮಲ್ಲಿ ಚನ್ನಪಟ್ಟಣದ ದೀಪ, ಗೋಡೆ ಮೇಲೆ ಲಂಬಾಣಿ ಕಸೂತಿ ಫ್ರೇಮು, ಸೋಫಾ ಮೇಲೆ ಖಣದ ಕುಶನ್ನು. ಸ್ಕ್ರೀನ್ ಮೇಲೆ ಎಲ್ರೂ ಚಪ್ಪಾಳೆ ತಟ್ಟಿದ್ರು. ರಾತ್ರಿ ಮನೇಲಿ ಕೂತು ಮತ್ತೆ ನೋಡ್ದಾಗ ಗೊತ್ತಾಯ್ತು, ಆ ವಸ್ತುಗಳನ್ನೆಲ್ಲಾ ತೆಗೆದುಬಿಟ್ರೆ ಕೆಳಗೆ ಉಳಿಯೋದು ಅದೇ ಲ್ಯಾಮಿನೇಟ್ ಮಂಚ, ಅದೇ ವಿಟ್ರಿಫೈಡ್ ಟೈಲ್ಸು, ನೋಯ್ಡಾದಲ್ಲೂ ಇರ್ಬಹುದಾದ ರೂಮು. ಕಸುಬು ಮೇಲೆ ಅಂಟಿಸಿದ ಸ್ಟಿಕರ್ ಆಗಿತ್ತು. ಅದನ್ನ ಪೂರ್ತಿ ಬಿಟ್ಟುಬಿಟ್ಟೆ.

ಇನ್ನೊಂದು ವಿಷಯ ಮನಸ್ಸಲ್ಲಿ ಕೊರೀತಾ ಇದೆ. ನಾನು ಜೂನಿಯರ್ ಆಗಿದ್ದಾಗ ಒಂದು ರೆಸಾರ್ಟ್‌ಗೆ, ಹೆಸರು ಬೇಡ, 9 ಅಡಿಗೆ 12 ಅಡಿ ಅಂತ ಡ್ರಾಯಿಂಗ್‌ನಲ್ಲಿ ಬರೆದು ಕೈಮಗ್ಗದ ಹಾಸು ಆರ್ಡರ್ ಮಾಡಿದ್ವಿ. ಆ ಮಗ್ಗದಲ್ಲಿ ಅಷ್ಟು ಅಗಲ ಬರಲ್ಲ. ಅವರು ಪಾಪ ಇಲ್ಲ ಅನ್ನೋಕಾಗ್ದೆ ಎರಡು ತುಂಡು ನೇಯ್ದು ನಡುವೆ ಹೊಲಿದು ಕಳಿಸಿದ್ರು. ಟ್ರಾಲಿ ಓಡಾಡಿ ಓಡಾಡಿ ಆ ಹೊಲಿಗೆ ಬಿಟ್ಕೊಳ್ತು, ಕೊನೆಗೆ "ಈ ಹಳ್ಳಿ ಕೆಲಸವೇ ಹಿಂಗೆ, ಕ್ವಾಲಿಟಿ ಇಲ್ಲ" ಅಂತ ಮೀಟಿಂಗಲ್ಲಿ ಹೇಳಿ ಎಲ್ಲಾ ತೆಗೆಸಿ ಮೆಷಿನ್ ಕಾರ್ಪೆಟ್ ಹಾಕಿದ್ರು. ತಪ್ಪು ಇದ್ದಿದ್ದು ನಮ್ಮ ಡ್ರಾಯಿಂಗಲ್ಲಿ, ಬೈಸ್ಕೊಂಡಿದ್ದು ನೇಯ್ದೋರು. ನಾನು ಆ ಮೀಟಿಂಗಲ್ಲಿ ಸುಮ್ನೆ ಕೂತಿದ್ದೆ, ಅದು ಇವತ್ತಿಗೂ ಚುಚ್ಚುತ್ತೆ.

ಅದಕ್ಕೆ ಈ ಸಲ ತಿರುಗಾಮುರುಗಾ ಮಾಡೋಣ ಅಂತಿದೀನಿ. ಮೊದ್ಲು ಮಗ್ಗದ ಅಗಲ, ತಿರುಗಣಿ ಮರದ ದಪ್ಪ, ಗಾರೆಯವ್ರು ಒಂದು ದಿನಕ್ಕೆ ಎಷ್ಟು ನೆಲ ಹಾಕ್ತಾರೆ ಅನ್ನೋದು ತಿಳ್ಕೊಂಡು, ಆಮೇಲೆ ರೂಮಿನ ಡ್ರಾಯಿಂಗ್ ಹಾಕೋದು. ಮಂಚ, ಬೀರು, ದೀಪ ಎಲ್ಲಾ ಇವತ್ತಿನ ಥರ ಸರಳವಾಗೇ ಇರ್ಲಿ, ಅದ್ರಲ್ಲಿ ನನಗೆ ಅನುಮಾನ ಇಲ್ಲ. ನಿಮ್ಮಲ್ಲಿ ಯಾರಾದ್ರೂ ಈ ಸಾಮಗ್ರಿಗಳನ್ನ ದಿನಾ ಗಿರಾಕಿ ಬಂದು ಹೋಗೋ ಜಾಗದಲ್ಲಿ ಬಳಸಿದೀರಾ? ಏನು ಬಾಳಿಕೆ ಬಂತು, ಏನು ಕೆಡ್ತು?

ಮಲಪ್ರಭಾ ದಂಡಿ:
ನಿಮ್ಮ ಪೋಸ್ಟ್ ಓದಿ ಭಾಳ ಖುಷಿ ಆತ್ರಿ. ನಮ್ಮ ಅಜ್ಜಿ ತವರುಮನಿ ಗುಳೇದಗುಡ್ಡ, ಮನ್ಯಾಗ ಖಣದ ಮಗ್ಗ ಇತ್ತು, ಸಣ್ಣಾಂವ ಇದ್ದಾಗ ಸೂಟಿಗೆ ಹೋದ್ರ ಆ ಲಾಳಿ ಸಪ್ಪಳದಾಗನ ನಿದ್ದಿ ಬರ್ತಿತ್ತು. ನೀವು ಬಾದಾಮ್ಯಾಗ ಕೂತು ಬೀದರ, ಚನ್ನಪಟ್ಣ ಅಂತ ಅಷ್ಟ್ ದೂರ ಯಾಕ ನೋಡ್ತೀರಿ, ಗುಳೇದಗುಡ್ಡ ಮಗ್ಗಲದಾಗ ಐತಿ, ಇಳಕಲ್ ಅದ ಜಿಲ್ಲಾದಾಗ ಐತಿ.

ಖಣ ಅಂದ್ರ ಕುಪ್ಪಸಕ್ಕಂತ ನೇಯೋ ಬಟ್ಟಿ, ಅದರ ಅಗಲ ಕಡಿಮಿ. ಕುಪ್ಪಸಕ್ಕ ಎಷ್ಟ್ ಬೇಕೋ ಅಷ್ಟಕ್ಕ ಮಗ್ಗ ಕಟ್ಟಿರ್ತಾರ. ನೀವು ಹಾಸಿಗಿ ಹಿಂದಿನ ಇಡೀ ಗ್ವಾಡಿಗೆ ಒಂದ ತುಂಡು ಬೇಕು ಅಂದ್ರ ಆಗೂದಿಲ್ಲ. ಆದ್ರ ಅದ ಅಗಲಕ್ಕ ಸರಿಯಾಗಿ ಕಟ್ಟಿಗಿ ಚೌಕಟ್ಟು ಮಾಡಿ ಮೂರೋ ನಾಕೋ ಪಟ್ಟಿ ಸಾಲಾಗಿ ನಿಲ್ಲಿಸಿ ನೋಡ್ರಿ, ಎರಡೂ ಕಡೆ ದಡಿ ಕತ್ತರಿಸದ ಹಂಗ ಇಟ್ರ, ಆ ದಡಿನ ನಿಮಗ ಗೆರಿ ಎಳದು ಕೊಡ್ತೈತಿ. ದಡಿ ಕತ್ತರಿಸಿದ ಖಣ ನೋಡಿದ್ರ ನಮ್ಮ ಅಜ್ಜಿಗೆ ಕಣ್ಣಾಗ ನೀರು ಬರ್ತಿತ್ತು.

ಇನ್ನೊಂದು, ಖಣದಾಗ ಚಿತ್ತಾರ ಬರೂದು ಹಾಸಿನಾಗ, ಅಂದ್ರ ಉದ್ದಕ್ಕ ಕಟ್ಟಿದ ಎಳಿಯೊಳಗ. ತೇರು, ಆನಿ ಹೆಜ್ಜಿ ಅಂತ ಅದಕ್ಕ ಹೆಸರ ಅದಾವ. ಹಾಸು ಒಮ್ಮೆ ಕಟ್ಟಿದ್ರ ಬಣ್ಣ, ಚಿತ್ತಾರ ಎರಡೂ ಕಟ್ಟಿದಂಗ, ನಡುವ ಬದಲಿ ಮಾಡಾಕ ಬರೂದಿಲ್ಲ. ಡಿಸೈನರ್ ಮಂದಿ ಬಂದು "ಹದಿನೆಂಟು ರೂಮಿಗೆ ಹದಿನೆಂಟು ಬಣ್ಣ, ಒಂದೊಂದಕ್ಕ ಮೂರು ಮೂರು ಮೀಟರು" ಅಂತಾರ. ಅಷ್ಟಕ್ಕ ಹದಿನೆಂಟು ಸಲ ಹಾಸು ಕಟ್ಟಬೇಕು, ಯಾರಿಗೂ ಗಿಟ್ಟೂದಿಲ್ಲ. ಒಂದು ಬಣ್ಣ, ಹೆಚ್ಚಂದ್ರ ಎರಡು ಆರಿಸ್ಕೊಂಡು ಪೂರಾ ಹಾಸು ತಗೋರಿ. ಉಳಿದದ್ದು ಕಟ್ಟಿಡ್ರಿ, ಮುಂದ ಕಲಿ ಬಿದ್ದಾಗ ಬದಲಿ ಹಾಕಾಕ ಬರ್ತೈತಿ.

ಕೀಕಾರ್ಡ್:
ನಾನು 14 ವರ್ಷ ಹೋಟೆಲ್ ಹೌಸ್‌ಕೀಪಿಂಗ್‌ನಲ್ಲಿದೀನಿ. ಡಿಸೈನ್ ಗೊತ್ತಿಲ್ಲ, ಆದ್ರೆ ಡಿಸೈನ್ ಆದ್ಮೇಲೆ ಏನಾಗುತ್ತೆ ಅಂತ ಗೊತ್ತು. ಮಂಚದ ಹಿಂದೆ ಖಣ ಹಾಕಿ ಅಂತ ಮಲಪ್ರಭಾ ದಂಡಿ ಅವರು ಹೇಳಿದ್ರಲ್ಲ, ಅದಕ್ಕೆ ಒಂದು ಮಾತು. ನಮ್ಮ ಜನ ತಲೆಗೆ ಕೊಬ್ಬರಿ ಎಣ್ಣೆ ಹಚ್ತಾರೆ, ದಿಂಬು ಒರಗಿಸಿಕೊಂಡು ಕೂತು ಟಿವಿ ನೋಡ್ತಾರೆ. ಹಾಸಿಗೆಯಿಂದ ಮೇಲೆ ಸರಿಯಾಗಿ ಒಂದೂವರೆ ಎರಡಡಿ ಎತ್ತರದಲ್ಲಿ, ಎರಡು ತಲೆಯಷ್ಟಗಲ, ಕಪ್ಪಗೆ ಎರಡು ಗುಂಡು ಕಲೆ. ಯಾವ ಹೋಟೆಲ್‌ಗೆ ಹೋದ್ರೂ ಹೆಡ್‌ಬೋರ್ಡ್ ಮೇಲೆ ಅದೇ ಜಾಗದಲ್ಲಿ ಅದೇ ಕಲೆ, ನಾನು ಸಾವಿರ ಸಲ ಒರೆಸಿದೀನಿ. ತಲೆ ತಾಗೋ ಮಟ್ಟದವರೆಗೆ ಮರ ಇರ್ಲಿ, ಖಣ ಅದರ ಮೇಲಿಂದ ಶುರು ಆಗ್ಲಿ. ಚೌಕಟ್ಟು ಗೋಡೆಗೆ ಅಂಟಿಸ್ಬೇಡಿ, ಕೊಕ್ಕೆಗೆ ನೇತು ಹಾಕಿ, ಒಬ್ಬಳೇ ಹುಡುಗಿ ಎತ್ತಿ ಇಳಿಸೋ ಹಾಗಿರ್ಲಿ.

ಆಮೇಲೆ ನೆಲಕ್ಕೆ ಶಹಾಬಾದ್ ಕಲ್ಲು ಅಂತ ಯಾರಾದ್ರೂ ಹೇಳ್ತಾರೆ. ಚೆನ್ನಾಗೇ ಇರುತ್ತೆ, ಕಾಲಿಗೆ ತಂಪು. ಆದ್ರೆ ಅದು ಸುಣ್ಣದಕಲ್ಲು, ಬಾತ್‌ರೂಮ್ ತೊಳೆಯೋ ಆಸಿಡ್ ಒಂದು ಹನಿ ಬಿದ್ರೆ ಬಿಳಿ ಕಲೆ ಕಚ್ಚಿಕೊಂಡುಬಿಡುತ್ತೆ, ನಿಂಬೆ ರಸಕ್ಕೂ ಅಷ್ಟೇ. ಬಾತ್‌ರೂಮ್ ಬಾಗಿಲ ಹತ್ರ ಮಾತ್ರ ಗ್ರಾನೈಟ್ ಪಟ್ಟಿ ಕೊಡಿ.

ಅರಗು ಬಣ್ಣ:
ಚನ್ನಪಟ್ಟಣದೋನು. ನಮ್ಮಪ್ಪ ತಿರುಗಣಿ ಕೆಲಸ, ನಾನೂ ಅದೇ, ಈಗ ಗೊಂಬೆಗಿಂತ ಹೋಟೆಲ್‌ನೋರಿಗೆ ಗುಬುಟು, ಕೊಕ್ಕೆ, ಕರ್ಟನ್ ರಾಡಿನ ತುದಿ ಇಂಥವೇ ಜಾಸ್ತಿ ಮಾಡಿ ಕೊಡ್ತೀನಿ. ಕೀಕಾರ್ಡ್ ಅವರು ಹೇಳಿದ್ದು ನೋಡಿ ನನಗೂ ಒಂದು ಹೇಳ್ಲೇಬೇಕು ಅನ್ನಿಸ್ತು.

ನಾವು ಮಾಡೋದು ಹಾಲೆ ಮರದಲ್ಲಿ, ಮರ ಬೆಳ್ಳಗೆ, ನಯ, ಆದ್ರೆ ದೊಡ್ಡ ದಪ್ಪ ಸಿಗಲ್ಲ. ತಿರುಗ್ತಾ ಇರೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ಕೊಳುತ್ತೆ, ಆಮೇಲೆ ತಾಳೆ ಗರಿ ಹಿಡಿದು ಉಜ್ಜಿದ್ರೆ ಹೊಳಪು. ಬಿಸಿಗೆ ಹತ್ತಿದ್ದು ಬಿಸಿಗೇ ಬಿಡುತ್ತೆ, ಇದನ್ನ ಯಾರೂ ಯೋಚನೆ ಮಾಡಲ್ಲ. ಕೆಟಲ್ ಪಕ್ಕ, ಗೀಸರ್ ಪಕ್ಕ ಇಡ್ಬೇಡಿ. ಅದಕ್ಕಿಂತ ದೊಡ್ಡ ಶತ್ರು ಸ್ಯಾನಿಟೈಸರ್. ಅರಗು ನೀರಿಗೆ ಜಗ್ಗಲ್ಲ, ಸ್ಪಿರಿಟ್‌ಗೆ ಕರಗುತ್ತೆ. ಕೊರೊನಾ ಟೈಮಲ್ಲಿ ಒಂದು ಕಡೆಗೆ ನಾನೇ ಮಾಡಿಕೊಟ್ಟ ಕೆಂಪು ಹಳದಿ ಗುಬುಟುಗಳನ್ನ ದಿನಕ್ಕೆ ನಾಕು ಸಲ ಸ್ಯಾನಿಟೈಸರ್ ಹಾಕಿ ಒರೆಸಿದಾರೆ, ಒಂದು ತಿಂಗಳಿಗೆ ಫೋನು, "ನಿಮ್ಮ ಬಣ್ಣ ಕಳಚ್ತಿದೆ" ಅಂತ. ಹೋಗಿ ನೋಡಿದ್ರೆ ಗುಬುಟು ಜಿಗುಟು ಜಿಗುಟು, ಹಿಡಿದ್ರೆ ಬೆರಳಚ್ಚು ಬೀಳ್ತಿದೆ, ಬಿಳಿ ಬಟ್ಟೆಲಿ ಒರೆಸಿದ್ರೆ ಬಟ್ಟೆ ಕೆಂಪು. ಮಕ್ಕಳು ಬಾಯಿಗೆ ಇಟ್ಕೊಂಡ್ರೂ ಏನೂ ಆಗ್ದಿರೋ ಬಣ್ಣ ಅದು, ನನಗೆ ಆ ದಿನ ಊಟ ಸೇರ್ಲಿಲ್ಲ. ಬರೀ ಒದ್ದೆ ಬಟ್ಟೆ ಸಾಕು, ಮೇಲೆ ಒಣ ಬಟ್ಟೆ. ಇದನ್ನ ಹೌಸ್‌ಕೀಪಿಂಗ್ ಟ್ರಾಲಿ ಮೇಲೇ ಕನ್ನಡದಲ್ಲಿ ಬರೆದು ಅಂಟಿಸಿ. ಇನ್ನು ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತೆ, ಕಿಟಕಿ ಹತ್ರ ಬೇಡ.

ಬಾದಾಮಿಗೆ ನಮ್ಮದು ಬೇಕೋ ಬೇಡ್ವೋ ನೀವೇ ನೋಡಿ. ಕೊಟ್ರೆ ಬೇಡ ಅನ್ನಲ್ಲ, ಆದ್ರೆ ಗೊಂಬೆ ಸಾಲಾಗಿ ಜೋಡಿಸೋಕೆ ಕೊಡೋದಕ್ಕಿಂತ ದಿನಾ ಜನ ಕೈಯಿಟ್ಟು ಎಳೆಯೋ ಒಂದು ಗುಬುಟು ಮಾಡಿಕೊಡೋದು ನನಗೆ ಖುಷಿ.

ಕರಾವಳಿ ಹೆಂಚು:
ಕಾವಿ ನೆಲದ, ಅಂದರೆ ಕೆಂಪು ಆಕ್ಸೈಡ್ ನೆಲದ ಬಗ್ಗೆ ಯಾರೂ ಬರೀಲಿಲ್ಲ ಅಲ್ವಾ, ನಾನು ಬರೀತೇನೆ. ಉಡುಪಿ ಕಡೆ ನಮ್ಮ ಹಳೆಮನೆಯ ಚಾವಡಿ ನೆಲ ಈಗಲೂ ಕನ್ನಡಿ ಹಾಗೆ ಉಂಟು, ಅಜ್ಜಿ ಅದರಲ್ಲೇ ಹಪ್ಪಳ ಒತ್ತುತ್ತಿದ್ದರು. ಹೋದ ವರ್ಷ ಒಂದು ಹೋಮ್‌ಸ್ಟೇಗೆ ನಾವೇ ನಿಂತು ಹಾಕಿಸಿದೆವು, ಆರು ಕೋಣೆ.

ಕೆಳಗಿನ ಗಾರೆ ಇನ್ನೂ ಹಸಿ ಇರುವಾಗಲೇ ಮೇಲಿನ ಪದರ ಬೀಳಬೇಕು, ಸಿಮೆಂಟು ಮತ್ತು ಕೆಂಪು ಆಕ್ಸೈಡ್ ಮೊದಲು ಒಣಗಿದ್ದನ್ನೇ ಚೆನ್ನಾಗಿ ಬೆರೆಸಿ ಜರಡಿ ಹಿಡಿದು ಇಟ್ಟುಕೊಳ್ಳಬೇಕು, ಇಡೀ ಕೋಣೆಗೆ ಒಂದೇ ಸಲ ಬೆರೆಸಿದ್ದು. ಅರ್ಧಕ್ಕೆ ಖಾಲಿಯಾಗಿ ಮತ್ತೆ ಬೆರೆಸಿದರೆ ಬಣ್ಣ ಎರಡು ಥರ ಕಾಣುತ್ತದೆ ಮಾರಾಯ್ರೆ, ಎಷ್ಟು ಅಳತೆ ಹಾಕಿದರೂ. ಆಮೇಲೆ ಕರಣೆ ಹಿಡಿದು ಉಜ್ಜುವುದು, ಅದಕ್ಕೆ ಹೊತ್ತಿಲ್ಲ ಗೊತ್ತಿಲ್ಲ. ನಮ್ಮ ಮೇಸ್ತ್ರಿ ಮಧ್ಯಾಹ್ನ ಊಟಕ್ಕೂ ಏಳಲಿಲ್ಲ, ಮೊಣಕಾಲಿಗೆ ಗೋಣಿ ಕಟ್ಟಿಕೊಂಡು ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬಂದು ಎದ್ದಾಗ ಸಂಜೆ ಆರು. ಮರುದಿನದಿಂದ ವಾರ ಹತ್ತು ದಿನ ನೀರು ನಿಲ್ಲಿಸಬೇಕು. ಹಾಗಾಗಿ ಒಂದು ಕೋಣೆ ಅಂದರೆ ಒಂದು ದಿನ, ನಿಮ್ಮ 18 ಕೋಣೆಗೆ ಲೆಕ್ಕ ಹಾಕಿ ಮಾಲೀಕರಿಗೆ ಮೊದಲೇ ಹೇಳಿ. ಒಳ್ಳೆ ಮೇಸ್ತ್ರಿಗಳು ಈಗ ಕಡಿಮೆ, ಸಿಕ್ಕಿದವರನ್ನು ಅವಸರ ಮಾಡಿದರೆ ನೆಲ ಹಾಳು.

ನಮ್ಮಲ್ಲಿ ಆದ ಒಂದು ಎಡವಟ್ಟು. ಎಲ್ಲಾ ಮುಗಿದ ಮೇಲೆ ಎಸಿಯವರು ಬಂದು ಪೈಪಿಗೆ ಮೂಲೆಯಲ್ಲಿ ನಾಲ್ಕಿಂಚು ಕಡಿದರು. ಆ ತೇಪೆ ಈಗಲೂ ಹುಣ್ಣಿನ ಕಲೆ ಹಾಗೆ ಕಾಣುತ್ತದೆ, ಕಾವಿ ನೆಲಕ್ಕೆ ತೇಪೆ ಕೂಡುವುದೇ ಇಲ್ಲ. ವಯರು, ಪೈಪು, ಡ್ರೈನು ಎಲ್ಲಾ ಮುಗಿದು ಕೀ ನಿಮ್ಮ ಕೈಗೆ ಬಂದ ಮೇಲೆಯೇ ನೆಲಕ್ಕೆ ಕೈ ಹಾಕಿ. ಲಾಬಿ ದೊಡ್ಡದಿದ್ದರೆ ನಾಲ್ಕೈದು ಅಡಿಗೊಂದು ಹಿತ್ತಾಳೆ ಪಟ್ಟಿ ಕೊಡಿ, ಇಲ್ಲದಿದ್ದರೆ ಬಿರುಕು ತನ್ನ ದಾರಿ ತಾನೇ ಹುಡುಕುತ್ತದೆ. ಆ ಹಿತ್ತಾಳೆ ಗೆರೆಯೇ ನಿಮ್ಮ ಮಾಡರ್ನ್ ಡಿಸೈನು ಆಯಿತಲ್ಲ. ಕೂದಲೆಳೆ ಬಿರುಕು ಹೇಗೂ ಬರುತ್ತದೆ, ಅದಕ್ಕೆ ಹೆದರಬೇಡಿ.

ಹೆಂಚು ಬೇಕಾದರೆ ಹಳೆ ಕಟ್ಟಡ ಕೆಡಹುವಲ್ಲಿ ಸಿಗುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚು, ನೇತ್ರಾವತಿ ದಂಡೆಯ ಮಣ್ಣು. ಆದರೆ ಅದು ನಮ್ಮ ಮಳೆಗೆ ಹುಟ್ಟಿದ್ದು, ಬಾದಾಮಿಗೆ ಯಾಕೆ, ನಿಮ್ಮಲ್ಲಿ ಮಳೆಯೇ ಕಡಿಮೆ ಅಲ್ವಾ.

ಲೆಕ್ಕದ ಪುಸ್ತಕ:
ಎಲ್ಲಾ ಸರಿ, ನಾನು ಸಣ್ಣ ಲಾಡ್ಜ್ ನಡೆಸ್ತೀನಿ ಹೊಸಪೇಟೆಲಿ, ಗಿರಾಕಿ ಕೇಳೋದು ಬಿಸಿನೀರು ಬರುತ್ತಾ, ಬೆಡ್‌ಶೀಟ್ ಕ್ಲೀನಾ, ವೈಫೈ ಇದ್ಯಾ ಅಷ್ಟೇ. ಖಣ, ಕಾವಿ ಇದಕ್ಕೆಲ್ಲಾ ಯಾರೂ ನೂರು ರೂಪಾಯಿ ಜಾಸ್ತಿ ಕೊಡಲ್ಲ. ತಪ್ಪು ತಿಳ್ಕೋಬೇಡಿ, ಸಾಲ ಮಾಡಿ ಕಟ್ಟಿರೋರ ಕಷ್ಟ ಹೇಳ್ತಿದೀನಿ. ನೆಲಕ್ಕೆ ಒಂದು ತಿಂಗಳು ಕಾಯ್ರಿ ಅಂದ್ರೆ ಆ ತಿಂಗಳ ಬಡ್ಡಿ ಯಾರು ಕಟ್ಟೋರು?

ಗೋಡೆಗುಬ್ಬಿ:
ನಿಮ್ಮ ಮಾತನ್ನ ತಳ್ಳಿಹಾಕೋಕಾಗಲ್ಲ. ಬಿಸಿನೀರು ಬರದ ರೂಮಲ್ಲಿ ಖಣ ಇದ್ರೆಷ್ಟು ಬಿಟ್ರೆಷ್ಟು. ಆದ್ರೆ ಒಂದು ಲೆಕ್ಕ ನೋಡಿ. ಹೋಟೆಲ್ ಅಂದ್ಮೇಲೆ ನೆಲ ಹೇಗೂ ಹಾಕ್ಬೇಕು, ಮಂಚಕ್ಕೆ ಹಿಂಬದಿ ಹೇಗೂ ಬೇಕು, ಬೀರುಗೆ ಹಿಡಿ ಬೇಕೇ ಬೇಕು. ನಾನು ಹೊಸ ಖರ್ಚು ಸೇರಿಸ್ತಿಲ್ಲ, ಇರೋ ಖರ್ಚು ಯಾರ ಕೈಗೆ ಹೋಗ್ಬೇಕು ಅಂತ ಕೇಳ್ತಿದೀನಿ. ಅಲಂಕಾರಕ್ಕೆ ಅಂತ ಇಟ್ಟಿದ್ದನ್ನ ಬಜೆಟ್ ಕಮ್ಮಿ ಆದಾಗ ಮೊದ್ಲು ಕಿತ್ತಾಕ್ತಾರೆ, ನೆಲವನ್ನ ಯಾರೂ ಕಿತ್ತಾಕಲ್ಲ. ಬಡ್ಡಿ ವಿಷಯ ನಿಜ. ಅದಕ್ಕೆ ಎಲ್ಲಾ ರೂಮು ಒಟ್ಟಿಗೆ ನಿಲ್ಲಿಸ್ದೆ ಆರಾರು ರೂಮಿನ ಮೂರು ಸರದಿ ಮಾಡೋಣ ಅಂತ ಮಾಲೀಕರ ಹತ್ರ ಮಾತಾಡ್ತಿದೀನಿ, ಮೊದಲ ಆರಕ್ಕೆ ನೀರು ನಿಲ್ಲಿಸಿದಾಗ ಮೇಸ್ತ್ರಿ ಮುಂದಿನ ಆರಕ್ಕೆ ಹೋಗ್ತಾರೆ.

ಕೋಟೆ ಮಣ್ಣು:
ಬೀದರ್‌ನವನು. ಬಿದ್ರಿ ಬಗ್ಗೆ ಪಟ್ಟಿಲಿ ಬರೆದಿದೀರಿ ಅಂತ ಬಂದೆ. ಬಿದ್ರಿ ಅಂದ್ರ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದ್ರಲ್ಲಿ ಉಳಿ ಹೊಡೆದು ಗೆರೆ ಕೊರೆದು ಬೆಳ್ಳಿ ತಂತಿ ಕೂಡ್ಸಿ, ಕೊನೆಗೆ ನಮ್ಮ ಕೋಟೆಯೊಳಗಿನ, ಬಿಸಿಲು ಮಳಿ ಕಾಣದ ಜಾಗದ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿ ಉಜ್ಜಿದ್ರೆ ಸತು ಕಪ್ಪಗಾಗ್ತದ, ಬೆಳ್ಳಿ ಹಂಗೇ ಬೆಳ್ಳಗೆ ಉಳೀತದ. ಆ ಕಪ್ಪು ಬಣ್ಣ ಬಳಿದದ್ದಲ್ಲ. ಹಿತ್ತಾಳೆ ತಿಕ್ಕೋ ಪಾಲಿಶ್ ಹಾಕಿದ್ರೆ ಕಪ್ಪು ಹೋಗಿ ಬೂದು ಬಣ್ಣ ಬಂದು ಎಲ್ಲಾ ಸತ್ತ ಹಾಗೆ ಕಾಣ್ತದ. ಸ್ವಲ್ಪ ಕೊಬ್ಬರಿ ಎಣ್ಣೆ ಬಟ್ಟೆಗೆ ಹಚ್ಚಿ ಒರೆಸ್ರಿ, ಕಪ್ಪು ತಿರುಗಿ ಎದ್ದು ಬರ್ತದ. ಕೆಳಗೆ ಬಿದ್ರೆ ಒಡೀತದ, ಸತು ಹಿತ್ತಾಳೆ ಹಂಗೆ ಬಾಗಲ್ಲ.

ಹಂಗಾಗಿ ದಿನಾ ಕೈ ಬೀಳೋ ಬಾಗಿಲ ಹಿಡಿಗೆ ಬ್ಯಾಡ, ಕಣ್ಣ ಮಟ್ಟಕ್ಕೆ ರೂಮ್ ನಂಬರ್ ಬಿಲ್ಲೆ ಮಾಡ್ರಿ, ಅಂಗೈಗಿಂತ ಸಣ್ಣದು. ಕಪ್ಪಿನ ಮೇಲೆ ಬೆಳ್ಳಿ ಕನ್ನಡ ಅಂಕಿ, ಕಾರಿಡಾರಿನ ಮಂದ ಬೆಳಕಲ್ಲಿ ಅದಕ್ಕಿಂತ ಛಂದ ಓದೋಕೆ ಬರೋದು ಇನ್ನೊಂದಿಲ್ಲ. ಮನಸ್ಸಿನ ಮಾತು ಹೇಳ್ಬೇಕಂದ್ರ, ಬಾದಾಮಿಲಿ ಬಿದ್ರಿ ಇಲ್ದಿದ್ರೂ ನನಗೆ ಬ್ಯಾಸರಿಲ್ಲ. ನಮ್ಮ ಕಸುಬು ಎಲ್ಲಾ ಕಡೆ ಒಂದೊಂದು ಹೂಜಿಯಾಗಿ ಮೂಲೇಲಿ ನಿಂತದ, ಅದನ್ನ ನೋಡಿ ನೋಡಿ ಸಾಕಾಗ್ಯದ.

ಕೊಲಂಬೊ ಕನ್ನಡತಿ:
ಎಂಟು ವರ್ಷದಿಂದ ಶ್ರೀಲಂಕಾದಲ್ಲಿದೀವಿ. ಈ ಚರ್ಚೆ ನೋಡಿ ಬೆಂಟೋಟ ಬೀಚ್ ಹೋಟೆಲ್ ನೆನಪಾಯ್ತು. ಇಲ್ಲಿನ ಆರ್ಕಿಟೆಕ್ಟ್ ಜೆಫ್ರಿ ಬಾವಾ ಕಟ್ಟಿದ್ದು, 1969ರಲ್ಲಿ ತೆರೆದಿದ್ದು. ಅದರ ರಿಸೆಪ್ಶನ್ ಸೀಲಿಂಗ್ ಪೂರ್ತಿ ಈನಾ ಡಿ ಸಿಲ್ವಾ ಅನ್ನೋ ಕಲಾವಿದೆಯ ಬಾಟಿಕ್ ಬಟ್ಟೆ, ಅಂದ್ರೆ ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿ ಚಿತ್ತಾರ ಬಿಡಿಸಿದ್ದು. ಫ್ರೇಮ್ ಹಾಕಿ ಗೋಡೆಗೆ ತೂಗು ಹಾಕಿರೋದಲ್ಲ, ಸೀಲಿಂಗೇ ಅದು, ಲಗೇಜ್ ಇಳಿಸಿ ತಲೆ ಎತ್ತಿದ್ರೆ ಹಬ್ಬದ ಚಪ್ಪರದ ಕೆಳಗೆ ನಿಂತ ಹಾಗೆ. ಬಾಟಿಕ್ ಎಲ್ಲಾ ಅಂಗಡೀಲೂ ಲುಂಗಿಯಾಗಿ ಸಿಗುತ್ತೆ, ಆದ್ರೆ ಅಷ್ಟು ದೊಡ್ಡದಾಗಿ, ಒಂದೇ ಕಡೆ, ಕಟ್ಟಡದ ಒಂದು ಭಾಗವಾಗಿ ಇದ್ದಾಗ ಬೇರೆ ಯಾವ ಅಲಂಕಾರವೂ ಬೇಕಾಗಿಲ್ಲ. ಗೋಡೆಗುಬ್ಬಿ ಅವರೇ, ಹತ್ತು ಕಸುಬಲ್ಲಿ ಚೂರು ಚೂರು ತರೋದಕ್ಕಿಂತ ಒಂದನ್ನ ಎದೆಗಟ್ಟಿ ಮಾಡಿ ದೊಡ್ಡದಾಗಿ ಬಳಸಿ.

ಮಲಪ್ರಭಾ ದಂಡಿ:
ಈ ಅಕ್ಕನ ಮಾತು ಲಾಖ್ ರೂಪಾಯಿದು. ಇನ್ನೊಂದು ನೆನಪಾತು, ಹಾಸಿಗಿ ಕಾಲಕಡೆ ಹಾಕಾಕ ಕೌದಿ ಹೊಲಿಸ್ರಿ. ನಮ್ಮ ಕಡೆ ಮನಿಮನಿಯೊಳಗ ಹಳೀ ಸೀರಿ ಕೂಡಿಸಿ ಹೊಲೀತಾರ, ತೊಳದಷ್ಟು ಮೆತ್ತಗಾಗ್ತೈತಿ, ಹೋಟೆಲ್‌ನ್ಯಾಗ ತೊಳ್ಯೂದು ತಪ್ಪಿದ್ದಲ್ಲಲ್ಲ. ಊರಾಗಿನ ಹೆಣ್ಮಕ್ಕಳಿಗೆ ಮನ್ಯಾಗ ಕೂತ ಕೆಲಸಾನೂ ಆಗ್ತೈತಿ. ಅಳತಿ ಮಾತ್ರ ಗಟ್ಟಿ ಹೇಳ್ರಿ, ಬಣ್ಣ ಅವರಿಗೆ ಬಿಡ್ರಿ.

ಕೀಕಾರ್ಡ್:
ಕೌದಿ ಒಳ್ಳೆ ಐಡಿಯಾ, ಆದ್ರೆ ಬಣ್ಣ ಬಿಡೋ ಸೀರೆ ಒಂದು ಸೇರ್ಕೊಂಡ್ರೆ ಇಡೀ ಬಿಳಿ ಬೆಡ್‌ಶೀಟ್ ಹೋಯ್ತು. ಹೊಲಿಯೋಕೆ ಮುಂಚೆ ಪ್ರತಿ ಸೀರೆನೂ ಉಪ್ಪುನೀರಲ್ಲಿ ಹಾಕಿ ನೋಡೋಕೆ ಹೇಳಿ. ರೂಮಿಗೆ ಎರಡರ ಹಾಗೆ 36, ಮೇಲೆ ಒಂದಾರು ಹೆಚ್ಚಿಗೆ.

ಗೋಡೆಗುಬ್ಬಿ:
ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಡಿಮೆ. ನಿನ್ನೆ ಕೂತು ಪಟ್ಟಿ ಅರ್ಧಕ್ಕಿಂತ ಕಮ್ಮಿ ಮಾಡಿದೆ. ನೆಲ ಪೂರ್ತಿ ಕಾವಿ, ಲಾಬಿಯಲ್ಲಿ ಹಿತ್ತಾಳೆ ಗೆರೆ. ಗೋಡೆ ಕೆಂಪು ಕಲ್ಲು, ನೆಲ ಕೆಂಪು, ಎರಡೂ ಕೆಂಪಾದ್ರೆ ಜಾಸ್ತಿ ಆಗುತ್ತಾ ಅಂತ ಹೆದರಿಕೆ ಇತ್ತು, ಸೈಟ್‌ನಲ್ಲಿ ಒಂದು ಮೂರಡಿ ಸ್ಯಾಂಪಲ್ ಹಾಕಿಸಿ ನೋಡಿದೆ, ಕಲ್ಲು ಒರಟು, ನೆಲ ನಯ, ಬೆಳಕು ಬಿದ್ದಾಗ ಎರಡೂ ಬೇರೆ ಬೇರೆನೇ ಕಾಣುತ್ತೆ. ಮಂಚ ಬರೀ ತೇಗ, ಒಂದು ಕೆತ್ತನೆ ಇಲ್ಲ, ತಲೆ ಮಟ್ಟದ ಮೇಲಿಂದ ಖಣದ ನಾಕು ಪಟ್ಟಿ ಕೊಕ್ಕೆಗೆ. ಅಲ್ಲಿಗೆ ರೂಮು ಮುಗೀತು. ಕಾಲಕಡೆ ಕೌದಿ. ಬೀರುಗೆ ಅರಗಿನ ಗುಬುಟು ಒಂದೇ ಬಣ್ಣ, ಕಡುಗೆಂಪು, ಅರಗು ಬಣ್ಣ ಅವರೇ ನಿಮಗೆ ಬೇರೆ ಮೆಸೇಜ್ ಮಾಡ್ತೀನಿ. ಗೊಂಬೆ, ಫ್ರೇಮು, ಹೂಜಿ ಯಾವುದೂ ಇಲ್ಲ. ಬಿದ್ರಿ ಬಿಲ್ಲೆ ಮಾತ್ರ ಬಿಡೋಕೆ ಮನಸ್ಸು ಬರ್ತಿಲ್ಲ, 18 ಅಷ್ಟೇ ಅಲ್ವಾ.

ಉಳಿದಿರೋದು ಲಾಬಿ ಹಾಸು. ನವಲಗುಂದದ ಜಮಖಾನ ಅಂತ ಮನಸ್ಸಲ್ಲಿದೆ, ಧಾರವಾಡ ಜಿಲ್ಲೆ, ನಮಗೆ ಹೆಚ್ಚು ದೂರ ಇಲ್ಲ. ಪಗಡೆ ಹಾಸಿನ ಚೌಕ, ನವಿಲು, ನೇಯೋರು ಬಹುಪಾಲು ಹೆಣ್ಮಕ್ಕಳು, ಈಗ ಉಳಿದಿರೋರು ಬೆರಳೆಣಿಕೆ. ಈ ಸಲ ಅಳತೆ ಬರೆದು ಕಳಿಸಲ್ಲ. ಗುರುವಾರ ಗುಳೇದಗುಡ್ಡಕ್ಕೆ, ಶುಕ್ರವಾರ ನವಲಗುಂದಕ್ಕೆ ಟೇಪ್ ಹಿಡ್ಕೊಂಡು ನಾನೇ ಹೋಗ್ತಿದೀನಿ, ಮಗ್ಗ ಎಷ್ಟಗಲ ಇದ್ಯೋ ಅಷ್ಟಕ್ಕೆ ಸೋಫಾ ದೂರ ಇಡೋದು.

ಮಲಪ್ರಭಾ ದಂಡಿ:
ಗುರುವಾರ ಮುಂಜಾನೆ ಲಗೂ ಬರ್ರಿ, ಮಧ್ಯಾಹ್ನ ಬಿಸಲಾಗ ಮಗ್ಗ ನಿಲ್ಲಸ್ತಾರ. ನಮ್ಮ ಮಾವ ಇನ್ನೂ ಅಲ್ಲೇ ಅದಾನ, ಒಂದ ಮಗ್ಗ ಇಟ್ಕೊಂಡಾನ, ಅವನ ಮನಿಗೆ ಕರಕೊಂಡು ಹೋಗ್ತೀನಿ. ರೊಟ್ಟಿ ಊಟ ಮಾಡ್ಕೊಂಡ ಹೋಗಬೇಕು.

ಕೀಕಾರ್ಡ್:
ಜಮಖಾನದ ಕೆಳಗೆ ರಬ್ಬರ್ ಜಾಲರಿ ಹಾಕೋದು ಮರೀಬೇಡಿ, ಕಾವಿ ನೆಲದ ಮೇಲೆ ಹತ್ತಿ ಹಾಸು ಜಾರುತ್ತೆ, ವಯಸ್ಸಾದೋರು ಬರ್ತಾರೆ. ಹಾಸಿಗಿಂತ ಜಾಲರಿ ನಾಕೂ ಕಡೆ ಒಂದಿಂಚು ಸಣ್ಣದಿರ್ಲಿ, ಹೊರಗೆ ಕಾಣಲ್ಲ.